ಹಾಸಿಗೆ ಹದಿನೇಳರ ಎರಡು ಖಾಲಿ ಚೌಕ

ಸೊಲ್ಲಾಪುರ, ೨೦ ಜನವರಿ ೧೯೭೪

ಅಂದಿನ ಭಾಷಣದಲ್ಲಿ "ಕರುಣೆಯ ಕಾಲ ಮುಗಿಯಿತು" ಎಂದು ನೀವು ಅಂದಿರಲಿಕ್ಕಿಲ್ಲ. "ಕರುಣೆಯೊಂದೇ ಸಾಲುತ್ತಿದ್ದ ಕಾಲ ಮುಗಿಯಿತು" ಎಂದಿರಬೇಕು. ನಾನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದೆ. ತಲೆಯ ಮೇಲೆ ಫ್ಯಾನು ಕಟಕಟ ಅನ್ನುತ್ತಿತ್ತು. ಅರ್ಧ ಮಾತು ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಆದರೆ ಅದರ ಮುಂದಿನ ವಾಕ್ಯ ಪೂರಾ ನೆನಪಿದೆ: "ಬರೆಯದೆ ಬಿಟ್ಟದ್ದು, ಮಾಡದೆ ಬಿಟ್ಟದ್ದಕ್ಕೆ ಸಮ." ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಶುಶ್ರೂಷಾ ವಿಜ್ಞಾನ ಸಂಘದ ಮಾನ್ಯ ಅಧ್ಯಕ್ಷರೇ, ಆ ಒಂದು ವಾಕ್ಯದ ಬಲದ ಮೇಲೆ ನಿಮ್ಮ ಶಿಸ್ತು ಉಪಸಮಿತಿ ಬರುವ ಫೆಬ್ರವರಿ ನಾಲ್ಕರಂದು ಜನಾಬಾಯಿ ಎಂಬ ಹತ್ತೊಂಬತ್ತು ವರ್ಷದ ವಿದ್ಯಾರ್ಥಿನಿಯನ್ನು ನಿಮ್ಮ ತರಬೇತಿ ಶಾಲೆಯಿಂದ ಹೊರಹಾಕಲಿದೆ. ನೋಟೀಸಿನಲ್ಲಿ "ವಿಚಾರಣೆ" ಎಂದಿದೆ, ನಿಜ. ಆದರೆ ಹಾಸ್ಟೆಲಿನಲ್ಲಿರುವ ಆಕೆಯ ಟ್ರಂಕನ್ನು ಮೂರನೆಯ ತಾರೀಖಿನೊಳಗೆ ಒಯ್ಯಬೇಕೆಂದೂ ಅದೇ ನೋಟೀಸಿನಲ್ಲಿದೆ. ವಿಚಾರಣೆಗಿಂತ ಒಂದು ದಿನ ಮೊದಲೇ ಟ್ರಂಕು ಹೊರಬೀಳಬೇಕಾದರೆ ವಿಚಾರಣೆಯಲ್ಲಿ ವಿಚಾರಿಸುವುದು ಏನನ್ನು? ಆಕೆಯ ವಿರುದ್ಧ ನಿಮ್ಮ ಕೈಯಲ್ಲಿರುವ ಏಕೈಕ ದೂರು ನನ್ನದು. ತೀರಿಕೊಂಡವಳು ನನ್ನ ಅಕ್ಕ. ಆದ್ದರಿಂದ ಈ ಪತ್ರ ಬರೆಯುವ ಹಕ್ಕು, ಬಹುಶಃ ನಾಚಿಕೆಯೂ, ನನ್ನದೇ.

ನಿಮಗೆ ಮರಾಠಿಯಲ್ಲಿ ಎರಡು ಪತ್ರ ಬರೆದೆ, ಇಂಗ್ಲಿಷಿನಲ್ಲಿ ಒಂದು. ಉತ್ತರ ಬರಲಿಲ್ಲ. ಈಗ ಈ ಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಈ ಭಾಷೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ನಿಮ್ಮ ವಾರ್ಡುಗಳಲ್ಲಿ ಮಲಗುವವರಲ್ಲಿ ಅರ್ಧ ಜನ ನೋವನ್ನು ಈ ಭಾಷೆಯಲ್ಲೇ ಹೇಳಿಕೊಳ್ಳುತ್ತಾರೆ. ಅವರು ಓದಿದರೂ ಸಾಕು; ಓದಲು ಬರುವವರು ಬಾರದವರಿಗೆ ಹೇಳಿದರೂ ಸಾಕು.

ನನ್ನ ಬಗ್ಗೆ ಹೆಚ್ಚು ಹೇಳುವುದು ಬೇಡ. ನೂಲಿನ ವ್ಯಾಪಾರಿ. ಐವತ್ತಕ್ಕೆ ಎರಡು ಕಡಿಮೆ. ಊರಲ್ಲಿ ಯಾವ ಸಭೆ ನಡೆದರೂ ಸ್ವಾಗತ ಸಮಿತಿಯ ಕಾಗದದಲ್ಲಿ ಹೆಸರು ಅಚ್ಚಾಗುವ, ಹೋಗಿ ಹಿಂದೆ ಕೂತು ಬರುವ ಜಾತಿಯವನು. ಕಳೆದ ನವೆಂಬರ್ ಹದಿಮೂರರಂದು ನಿಮ್ಮ ಸಂಘದ ಅಧಿವೇಶನ ಸೊಲ್ಲಾಪುರದಲ್ಲಿ ನಡೆದಾಗಲೂ ಹಾಗೆಯೇ ಬಂದಿದ್ದೆ. ಬಾಗಿಲಲ್ಲಿ ಕೈಗಿತ್ತ ಹೊತ್ತಗೆ ಇನ್ನೂ ನನ್ನ ಮೇಜಿನ ಮೇಲಿದೆ: "ಧ್ಯೇಯ ಮತ್ತು ನೇತೃತ್ವದ ಆದ್ಯತೆಗಳು". ಒಳ್ಳೆಯ ಕಾಗದ, ಒಳ್ಳೆಯ ಅಚ್ಚು. ಶುಶ್ರೂಷೆಗೆ ಶಾಸ್ತ್ರದ ಸ್ಥಾನ ದೊರಕಿಸುವುದು ಮೊದಲ ಆದ್ಯತೆ. ದಾಖಲೆಯ ಸಂಪೂರ್ಣತೆ ಎರಡನೆಯದು. ಆಮೇಲೆ ಸಂಶೋಧನಾ ಪತ್ರಿಕೆ, ನಾಯಕಿಯರ ತಯಾರಿ, ಸ್ವಂತ ಕಟ್ಟಡ. ಇದರಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವವನಲ್ಲ. ನರ್ಸುಗಳನ್ನು ಕಂಪೌಂಡರಿಗಿಂತ ಕೆಳಗೆ ಕೂರಿಸಿದ ಊರಿನಲ್ಲಿ "ನಮ್ಮದೂ ಒಂದು ಶಾಸ್ತ್ರ" ಎಂದು ಎದ್ದು ನಿಂತು ಹೇಳುವುದಕ್ಕೆ ಧೈರ್ಯ ಬೇಕು. ನಿಮಗೆ ಅದಿತ್ತು. ಆದರೆ ಆ ಹೊತ್ತಗೆಯನ್ನು ಈ ಎರಡು ತಿಂಗಳಲ್ಲಿ ಅದೆಷ್ಟು ಸಲ ಓದಿದ್ದೇನೋ. ರೋಗಿ ಎಂಬ ಪದ ಅದರಲ್ಲಿ ಹನ್ನೊಂದು ಸಲ ಬರುತ್ತದೆ. ಒಂದು ಸಲವೂ ರೋಗಿ ಬಾಯಿ ತೆರೆದು ಏನನ್ನೂ ಹೇಳುವುದಿಲ್ಲ.

ನನ್ನ ಅಕ್ಕ ಅಕ್ಕನಾಗಮ್ಮ ಹೇಳಿದ್ದಳು. ಆಕೆಯನ್ನು ಕೊಟ್ಟದ್ದು ಮೈಂದರ್ಗಿಗೆ. ಹೊಲಮನೆಯ ದೊಡ್ಡ ಸಂಸಾರ. ಅಕ್ಕಲಕೋಟೆಯ ಡಾಕ್ಟರು ಗರ್ಭಕೋಶದ ಆಪರೇಷನ್ ಆಗಬೇಕೆಂದು ನಮ್ಮೂರಿಗೆ, ನಿಮ್ಮ ತರಬೇತಿ ಶಾಲೆಯಿರುವ ಆಸ್ಪತ್ರೆಗೆ ಕಳಿಸಿದ್ದರು. ಸೋಮವಾರ ಆಪರೇಷನ್ ಆಯಿತು. ಮರುದಿನ, ಅಂದರೆ ನಿಮ್ಮ ಅಧಿವೇಶನದ ದಿನ, ಮಧ್ಯಾಹ್ನ ಒಂದೂವರೆಗೆ ನಾನು ಹಾಸಿಗೆ ಹದಿನೇಳರ ಪಕ್ಕದಲ್ಲಿ ನಿಂತಿದ್ದೆ. ಅಕ್ಕ ಮಗ್ಗುಲಾಗಲು ಒದ್ದಾಡುತ್ತಿದ್ದಳು. ತುಟಿ ಒಣಗಿತ್ತು.

"ನೀರಡಿಕಿ ಭಾಳ ಆಗೈತೋ ತಮ್ಮಾ. ಜೀವ ಒಂದ ನಮೂನಿ ಆಗಾಕತ್ತೈತಿ."

ನಾನು ಹಾಸಿಗೆಯ ಕಾಲ್ದೆಸೆಗೆ ತೂಗುಹಾಕಿದ್ದ ಹಾಳೆಯನ್ನು ನೋಡಿದೆ. ಜ್ವರಕ್ಕೊಂದು ಗೆರೆ, ನಾಡಿಗೊಂದು ಗೆರೆ. ಬೆಳಗಿನ ಆರಕ್ಕೆ ನಾಡಿ ಎಂಬತ್ತೆರಡು, ಹತ್ತಕ್ಕೆ ಎಂಬತ್ನಾಲ್ಕು. ಚುಕ್ಕಿಯಿಂದ ಚುಕ್ಕಿಗೆ ನೆಟ್ಟನೆಯ ಗೆರೆ.

"ಹಾಳ್ಯಾಗ ಎಲ್ಲಾ ಚಲೋ ಐತಿ, ಅಕ್ಕಾ," ಅಂದೆ.

"ಹಾಳಿಗೆ ನೀರಡಿಕಿ ಆಗಂಗಿಲ್ಲೇಳ," ಎಂದು ನಕ್ಕಳು. ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು. "ನೀ ಹೋಗ್ಬಾ. ಕಾಗದದಾಗ ಹೆಸರ ಹಾಕ್ಯಾರ ಅಂತಿ. ಹೋಗದಿದ್ರ ಚಂದ ಕಾಣಂಗಿಲ್ಲ. ಈ ಮಗ್ಗಲದ ಸೋಮವ್ವ ಅದಾಳಲಾ, ನೋಡಕೋತಾಳ."

ಸೋಮವ್ವ ಮಂದ್ರೂಪದವಳು. ಪಕ್ಕದ ಹಾಸಿಗೆಯಲ್ಲಿದ್ದ ಅತ್ತೆಯ ಸೇವೆಗೆ ಬಂದಿದ್ದಳು. ನಾನು ಅಕ್ಕನ ಕೈ ಹಿಡಿದು ನೋಡಲಿಲ್ಲ. ಹಿಡಿದಿದ್ದರೆ ಏನಾದರೂ ತಿಳಿಯುತ್ತಿತ್ತೇ ಎಂದು ನೀವು ಕೇಳಬಹುದು. ನನಗೆ ನಾಡಿ ನೋಡಲು ಬರುವುದಿಲ್ಲ. ಆದರೆ ತಣ್ಣಗಿದ್ದುದಾದರೂ ತಿಳಿಯುತ್ತಿತ್ತು. ನಾನು ಹಾಳೆಯನ್ನು ನೋಡಿ ಸಭೆಗೆ ಬಂದೆ.

ಎರಡೂವರೆಗೆ ನಿಮ್ಮ ಭಾಷಣ ಶುರುವಾಯಿತು. ಸುಮಾರು ಇಪ್ಪತ್ತು ನಿಮಿಷ ಕಳೆದಿರಬೇಕು, ಬಿಳಿ ಉಡುಪಿನ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಏದುಸಿರು ಬಿಡುತ್ತಿದ್ದಳು. ಬಾಗಿಲಲ್ಲಿದ್ದ ಸ್ವಯಂಸೇವಕ ಆಕೆಯನ್ನು ತಡೆದ. "ಭಾಷಣ ಮುಗೀತನಕಾ ನಿಂದ್ರವಾ, ನಿನಗೂ ಕುರ್ಚಿ ಕೊಡೂಣು," ಅಂದ. ಆಕೆ ಏನೋ ಪಿಸುಗುಟ್ಟಿದಳು, ಮುಂದಿನ ಸಾಲುಗಳ ಕಡೆ ಬೆರಳು ಮಾಡಿದಳು. ತಡವಾಗಿ ಬಂದ ವಿದ್ಯಾರ್ಥಿನಿ, ಕುರ್ಚಿ ಹುಡುಕುತ್ತಿದ್ದಾಳೆ ಎಂದುಕೊಂಡೆ. ನೀವು ತಲೆಯೆತ್ತಿ, ಮೃದುವಾಗಿಯೇ, "ದಯವಿಟ್ಟು ಆ ಬಾಗಿಲು ಮುಚ್ಚಿ" ಎಂದಿರಿ. ಮುಚ್ಚಲಾಯಿತು. ನನ್ನ ಪಕ್ಕದವರು ತೃಪ್ತಿಯಿಂದ ತಲೆದೂಗಿದರು. ಮುಂದಿನ ಅರ್ಧ ಗಂಟೆ ನೀವು ನೇತೃತ್ವದ ಬಗ್ಗೆ ಮಾತಾಡಿದಿರಿ.

ಬಾಗಿಲು ತೆರೆದಾಗ ಹುಡುಗಿ ಒಳಗೆ ಓಡಿದಳು. ಎರಡನೆಯ ಸಾಲಿನಲ್ಲಿದ್ದ ಸರ್ಜನರು ಎದ್ದು ಅವಸರದಿಂದ ಹೊರಟರು. ನಾನು ಚಹಾ ಕುಡಿದೆ. ಇದನ್ನು ಬರೆಯಲೇಬೇಕು. ಚಹಾದ ಜೊತೆ ಬಿಸ್ಕತ್ತೂ ಇತ್ತು. ನಾಲ್ಕೂವರೆಗೆ ವಾರ್ಡಿಗೆ ಬಂದೆ. ಅಕ್ಕನ ಹಾಸಿಗೆಯ ಕಾಲ್ದೆಸೆಗೆ ಯಾರೋ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಒಳಗೆ ರಕ್ತ ಹರಿದಿತ್ತು. ಹೊಂದುವ ರಕ್ತ ಹುಡುಕಲು ಜನ ಓಡಾಡುತ್ತಿದ್ದರು. ಐದು ಗಂಟೆ ಹತ್ತು ನಿಮಿಷಕ್ಕೆ ಅಕ್ಕ ತೀರಿಕೊಂಡಳು. ಸರ್ಜನರು ಕೈ ಒರೆಸಿಕೊಳ್ಳುತ್ತ, "ಮುಂಜಾನೆಯೇ ನಾಡಿ ಏರಿರಬೇಕಿತ್ತಲ್ಲ," ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಹಾಳೆ ನೋಡಿ ಅದನ್ನು ಮತ್ತೆ ತೂಗುಹಾಕಿದರು.

ಹದಿಮೂರು ದಿನವಾದ ಮೇಲೆ ನಾನು ದೂರು ಬರೆದೆ. ಅಕ್ಕನ ಹಾಳೆಯನ್ನು ಕೇಳಿ ನೋಡಿದ್ದೆ. ಬೆಳಗಿನ ಚೌಕಗಳೆಲ್ಲ ಭರ್ತಿಯಾಗಿದ್ದವು. ಮಧ್ಯಾಹ್ನ ಎರಡರದು ಮತ್ತು ಸಂಜೆ ಆರರದು ಖಾಲಿ. "ಬರೆಯದೆ ಬಿಟ್ಟದ್ದು, ಮಾಡದೆ ಬಿಟ್ಟದ್ದಕ್ಕೆ ಸಮ" ಎಂಬ ನಿಮ್ಮ ಮಾತನ್ನೇ ಎತ್ತಿಕೊಂಡು, "ಈ ಎರಡು ಚೌಕಗಳು ಖಾಲಿ ಏಕೆ?" ಎಂದು ಕೇಳಿದೆ. ಅಚ್ಚುಕಟ್ಟಾದ ದೂರು ಬರೆದೆನೆಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಜನವರಿ ಮೊದಲ ವಾರ ನನ್ನ ಅಂಗಡಿಗೆ ಒಬ್ಬರು ಬಂದರು. ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲಲ್ಲೇ ನಿಂತರು. ಹೆಸರು ಕಲ್ಲಣ್ಣ. ಮೈಂದರ್ಗಿಯ ಬಸ್ ಸ್ಟ್ಯಾಂಡಿನಲ್ಲಿ ಎಲೆ ಅಡಿಕೆಯ ಅಂಗಡಿ. ಜನಾಬಾಯಿಯ ತಂದೆ. ಕೈಯಲ್ಲಿ ಇಂಗ್ಲಿಷಿನ ನೋಟೀಸು.

"ಓದಿ ಹೇಳ್ರಿ ಸಾವಕಾರ್ರ. ಇದರಾಗ ನಿಮ್ಮ ಹೆಸರೂ ಐತೆಂತ."

ಓದಿದೆ. ಅಪ್ಪಣೆಯಿಲ್ಲದೆ ವಾರ್ಡು ಬಿಟ್ಟು ಹೋದದ್ದು ಒಂದು ಆರೋಪ. ಮೃತರ ಸಹೋದರನ ದೂರಿನ ಮೇರೆಗೆ, ನಾಡಿಯ ಎರಡು ಚೌಕಗಳನ್ನು ಖಾಲಿ ಬಿಟ್ಟದ್ದು ಇನ್ನೊಂದು. ಒಂದೊಂದೇ ಸಾಲನ್ನು ಕನ್ನಡಕ್ಕೆ ತಿರುಗಿಸಿ ಅವರಿಗೆ ಹೇಳಿದೆ. ನನ್ನದೇ ಮಾತನ್ನು ನನ್ನದೇ ಬಾಯಿಂದ.

"ಅಂದ್ರ ನೀವು ಹೇಳೀರಿ ಅಂತ ನಮ್ಮ ಹುಡುಗೀನ್ನ ತಗೀತಾರನ್ರಿ?"

"ನಾ ಆಕಿ ಹೆಸರು ಬರದಿಲ್ಲ, ಕಲ್ಲಣ್ಣಾರ."

"ಬರದಿಲ್ಲ ಖರೆ. ಆದ್ರ ಖಾಲಿ ಬಿಟ್ಟಾಕಿ ಆಕಿನೇ ಅಲ್ರಿ? ತುಂಬಿದಾಕಿನ್ನ ಯಾರೂ ಕೇಳಂಗಿಲ್ಲ." ನೋಟೀಸಿನ ಮೇಲೆ ಬೆರಳಿಟ್ಟರು. "ಆರು ಗಂಟೆದೂ ಖಾಲಿ ಐತಿ ಅಂತೀರಿ. ನಿಮ್ಮ ಅಕ್ಕಾರು ತೀರಿಕೊಂಡಿದ್ದು ಎಷ್ಟಕ್ರಿ?"

ಐದು ಹತ್ತಕ್ಕೆ.

ನಾನು ಅದನ್ನು ಎಣಿಸಿರಲಿಲ್ಲ, ಅಧ್ಯಕ್ಷರೇ. ಅಕ್ಕನ ದಿನಕರ್ಮ ಮಾಡಿದವನು, ಆಕೆ ಹೋದ ಹೊತ್ತನ್ನು ಎಲ್ಲರಿಗೂ ಹೇಳಿದವನು, ಆಕೆ ಹೋದ ಐವತ್ತು ನಿಮಿಷಗಳ ಮೇಲೆ ಆಕೆಯ ನಾಡಿಯನ್ನು ಬರೆದಿಲ್ಲವೇಕೆಂದು ಕೈಸಹಿ ಹಾಕಿ ಕೇಳಿದ್ದೆ. ನಾನು ದುಃಖದಲ್ಲಿದ್ದೆ ಎನ್ನಬಹುದು. ನಿಮ್ಮ ಉಪಸಮಿತಿಯ ಐವರು ಯಾವ ದುಃಖದಲ್ಲಿದ್ದರು? ಆರು ಗಂಟೆಗೆ, ಬಿಳಿ ಬಟ್ಟೆ ಹೊದಿಸಿದ ಹೆಂಗಸಿನ ಕೈ ಹಿಡಿದು ಆ ಹುಡುಗಿ ಎಷ್ಟೆಂದು ಬರೆಯಬೇಕಿತ್ತು? ಎಂಬತ್ತಾರು?

ಚಹಾ ತರಿಸಿದೆ. ಕಲ್ಲಣ್ಣ ಮುಟ್ಟಲಿಲ್ಲ. ಹುಡುಗಿ ಹೇಗಿದ್ದಾಳೆ, ಏನನ್ನುತ್ತಾಳೆ ಎಂದು ಕೇಳಿದೆ.

"ಏನೂ ಅನ್ನಂಗಿಲ್ರಿ. ಮುಂಜಾನಿ ಎದ್ದ ಕೂಡ್ಲೆ ಮನಿ ಮಂದೀದೆಲ್ಲಾ ಕೈ ಹಿಡದು ನೋಡ್ತಾಳ. ನಂದೂ ನೋಡ್ತಾಳ. ನೋಡಿ ಎದ್ದು ಹೋಗ್ತಾಳ. ಎಷ್ಟೈತಿ ಅಂತ ಹೇಳಂಗಿಲ್ಲ."

ಮರುದಿನ ಬಸ್ಸು ಹಿಡಿದು ಮಂದ್ರೂಪಕ್ಕೆ ಹೋದೆ. ಸೋಮವ್ವ ಕಬ್ಬಿನ ಹೊಲದಿಂದ ಆಗಷ್ಟೇ ಬಂದಿದ್ದಳು. ಕೇಳಬೇಕಾದ ಪ್ರಶ್ನೆಯನ್ನು ನಾನು ನವೆಂಬರಿನಲ್ಲೇ ಕೇಳಬೇಕಿತ್ತು. ಆಕೆಯೂ ಅದನ್ನೇ ಹೇಳಿದಳು. "ಈಗ ನೆನಪಾತೇನ್ರಿ, ಅಣ್ಣಾರ? ಅವತ್ತು ಕೇಳಿದ್ರ ಅವತ್ತೇ ಹೇಳತಿದ್ನಿ. ನಿಮಗ ಹಾಳಿ ಬೇಕಾಗಿತ್ತು, ಮಂದಿ ಬೇಕಾಗಿದ್ದಿಲ್ಲ."

ಹತ್ತು ಗಂಟೆಯ ನಾಡಿಯನ್ನು ಯಾರು ನೋಡಿದರು ಎಂದು ಕೇಳಿದೆ.

"ಹತ್ತಕ್ಕ ಯಾರೂ ಬಂದಿಲ್ರಿ. ನಾ ಅತ್ತಿ ಕಾಲ ಒತ್ತಕೋತ ಅಲ್ಲೇ ಕುಂತಿದ್ನಿ. ಆರಕ್ಕ ಆ ದೊಡ್ಡ ಸಿಸ್ಟರ್ ಬಂದ್ಲು. ನಿಂತನಿಂತಲ್ಲೇ ಎಲ್ಲಾರ ಹಾಳ್ಯಾಗೂ ಚುಕ್ಕಿ ಇಟ್ಟಳು, ಗೆರಿ ಎಳದ್ಲು. ನಾ ಅಂದ್ನಿ, ಏನ್ರಿ ಬಾಯಾರ, ರಂಗೋಲಿ ಹಾಕಾಕತ್ತೀರೇನ್ರಿ? ಆಕಿ ನಕ್ಕು, ಹೌದವಾ, ನಾವೂ ಹಂಗ ಅಂತೀವಿ, ಇವತ್ತ ಪಾವಣ್ಯಾರು ಬರೋರದಾರ, ಅಂಗಳ ಖಾಲಿ ಇರಬಾರದು ಅಂದ್ಲು."

ಮೊದಲು ಚುಕ್ಕಿ, ಆಮೇಲೆ ಗೆರೆ. ಅತಿಥಿಗಳು ಬರುವ ಮೊದಲು, ಬೆಳಕು ಹರಿಯುವಾಗ. ಆ ವಾರ್ಡಿನಲ್ಲಿ ವರ್ಷದಿಂದ ನಡೆದ ಪದ್ಧತಿ ಇದೆಂದು ಆಮೇಲೆ ವಿಚಾರಿಸಿ ತಿಳಿದೆ. ನಿಮ್ಮ ಸಂಘ ಖಾಲಿ ಚೌಕವಿಲ್ಲದ ವಾರ್ಡಿಗೆ ಬಹುಮಾನದ ಢಾಲು ಕೊಡುವುದಾಗಿ ಸಾರಿದಂದಿನಿಂದ. ನಲವತ್ತು ಹಾಸಿಗೆ, ಪಾಳಿಗೆ ಇಬ್ಬರು. ನಲವತ್ತು ಕೈಗಳನ್ನು ಒಂದೊಂದು ನಿಮಿಷ ಹಿಡಿದರೂ ಎಷ್ಟು ಹೊತ್ತು ಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ದೊಡ್ಡ ಸಿಸ್ಟರ್ ಕೆಟ್ಟವರೆಂದು ನನಗನ್ನಿಸುವುದಿಲ್ಲ. ಅವರು ನಿಮ್ಮ ಎರಡನೆಯ ಆದ್ಯತೆಯನ್ನು ಅಕ್ಷರಶಃ ಪಾಲಿಸಿದರು. ಹನ್ನೊಂದು ತಿಂಗಳು ಆ ವಾರ್ಡಿನಲ್ಲಿ ಒಂದೂ ಚೌಕ ಖಾಲಿ ಉಳಿಯಲಿಲ್ಲ. ಹೆಂಗಸೊಬ್ಬಳು ಸತ್ತದ್ದರಿಂದ ಆ ವಾರ್ಡಿಗೆ ಢಾಲು ತಪ್ಪಲಿಲ್ಲ, ಅಧ್ಯಕ್ಷರೇ. ಆಕೆಯ ಹಾಳೆಯ ಎರಡು ಚೌಕಗಳಿಂದ ತಪ್ಪಿತು. ಜನಾಬಾಯಿಯ ಮೇಲಿನ ಸಿಟ್ಟು ಎಲ್ಲಿಂದ ಬಂತೆಂದು ಈಗ ನನಗೆ ಅರ್ಥವಾಗುತ್ತದೆ.

ಆಕೆ ಪಾಳಿಗೆ ಬಂದದ್ದು ಮಧ್ಯಾಹ್ನ ಎರಡಕ್ಕೆ. ವಾಡಿಕೆಯಂತೆ ಎರಡರ ಮತ್ತು ಆರರ ಚುಕ್ಕಿಗಳನ್ನು ಬಂದ ಕೂಡಲೇ ಇಟ್ಟುಬಿಡಬೇಕಿತ್ತು. ಆಕೆ ಮೊದಲು ಹಾಸಿಗೆ ಹದಿನೇಳರ ಕೈ ಹಿಡಿದಳು. ತನ್ನೂರಿನ ಹಿರಿಯಳೆಂಬ ಸಲಿಗೆಯಿಂದಲೋ ಏನೋ. ಸೋಮವ್ವ ನೆನಪಿಸಿಕೊಂಡಳು: "ಕೈ ಹಿಡದಾಕಿ ಹಂಗ ನಿಂತ್ಲು. ಸೋಮವ್ವಕ್ಕಾ, ನಾಡಿ ಸಿಗವಲ್ದು, ಸಿಕ್ಕರೂ ಎಣಸಾಕ ಬರವಲ್ದು, ಹಂಗ ಓಡಾಕತ್ತೈತಿ, ಅವ್ವಾರ ಕೈ ಹಿಮಾ ಆಗೈತಿ ಅಂದ್ಲು. ಇಬ್ರೂ ಕೂಡಿ ಮಂಚದ ಕಾಲಿಗೆ ಇಟ್ಟಂಗಿ ಕೊಟ್ವಿ. ಪಾಳಿ ಡಾಕ್ಟರ್ ಆಪರೇಷನ್ ಥೇಟರದಾಗ ಅದಾರ, ಬಾಗಲಾ ತಗ್ಯಾಂಗಿಲ್ಲ ಅಂದ್ರು. ಆಪರೇಷನ್ ಮಾಡಿದ ಡಾಕ್ಟರೂ ದೊಡ್ಡ ಸಿಸ್ಟರೂ ಸಭಾಕ್ಕ ಹೋಗಿದ್ರು. ಹುಡುಗಿ ಓಡಿತ್ರಿ. ಕೆರವು ಸೈತ ಹಾಕ್ಕೊಳ್ಳಿಲ್ಲ."

ಎಣಿಸಲು ಬಾರದ್ದನ್ನು ಆಕೆ ಬರೆಯಲಿಲ್ಲ. ಇಷ್ಟೇ ಆಕೆಯ ಅಪರಾಧ. ಇಡೀ ಹಾಳೆಯಲ್ಲಿ ನಿಜವಾದ ಚೌಕಗಳು ಆ ಎರಡೇ. ಶಾಸ್ತ್ರ ಹೆಚ್ಚಾಗಿ ಅಕ್ಕ ಸತ್ತಳೆಂದು ಈ ಊರಿನ ಕೆಲವರು ಹೇಳತೊಡಗಿದ್ದಾರೆ. ಹಿಂದಿನ ನರ್ಸುಗಳಲ್ಲಿ ಅಂತಃಕರಣ ಇತ್ತು, ಈಗಿನವರಲ್ಲಿ ಬರೀ ಕಾಗದ ಎನ್ನುತ್ತಾರೆ. ಅವರ ಜೊತೆ ನಾನಿಲ್ಲ. ಹತ್ತು ಗಂಟೆಗೆ ಯಾರಾದರೂ ಶಾಸ್ತ್ರದಂತೆ, ಗಡಿಯಾರ ಹಿಡಿದು, ಕರುಣೆಯಿಲ್ಲದೆಯೇ ಆಗಲಿ, ಅಕ್ಕನ ನಾಡಿಯನ್ನು ಎಣಿಸಿದ್ದರೆ ಆಕೆ ಬದುಕುತ್ತಿದ್ದಳೇನೋ. ಅಂದು ಆ ವಾರ್ಡಿನಲ್ಲಿ ಶಾಸ್ತ್ರವನ್ನು ಪಾಲಿಸಿದವಳು ಒಬ್ಬಳೇ ಒಬ್ಬಳು. ನೀವು ಶಾಸ್ತ್ರದ ಬಗ್ಗೆ ಮಾತಾಡುತ್ತಿದ್ದಾಗ ಆಕೆಯನ್ನು ಬಾಗಿಲಾಚೆ ನಿಲ್ಲಿಸಿದ್ದೆವು.

ಕಳೆದ ಗುರುವಾರ ಮತ್ತೆ ಆ ವಾರ್ಡಿಗೆ ಹೋದೆ. ಪರಿಚಯದವರೊಬ್ಬರನ್ನು ನೋಡುವ ನೆಪ. ಮುಂಜಾನೆ ಹನ್ನೊಂದು ಗಂಟೆ. ನೆಲ ಒರೆಸಿದ್ದರು, ಹೊದಿಕೆಗಳನ್ನು ಒಂದೇ ಅಳತೆಗೆ ಮಡಿಚಿದ್ದರು. ಹಾಸಿಗೆ ಹದಿನೇಳರಲ್ಲಿ ಈಗ ಬೇರೊಬ್ಬ ಹೆಂಗಸು. ನಡುವಯಸ್ಸು, ಕಣ್ಣು ಮುಚ್ಚಿದ್ದಳು. ಕಾಲ್ದೆಸೆಯ ಹಾಳೆಯನ್ನು ನೋಡಿದೆ. ಹತ್ತರ ಚುಕ್ಕಿ ಇತ್ತು. ಎರಡರ ಚುಕ್ಕಿ ಇತ್ತು. ಸಂಜೆ ಆರರದೂ ಇತ್ತು. ಮೊದಲು ಅರ್ಧ ದಿನದ್ದನ್ನಷ್ಟೇ ಮುಂಚಿತವಾಗಿ ಹಾಕುತ್ತಿದ್ದರು. ನನ್ನ ದೂರಿನ ಮೇಲೆ ವಿದ್ಯಾರ್ಥಿನಿಯರನ್ನು ನಂಬುವುದು ಬಿಟ್ಟು, ಇಡೀ ದಿನದ್ದನ್ನು ಬೆಳಗ್ಗೆಯೇ ಹಾಕಿಬಿಡುತ್ತಾರೆ. ಆ ಹೆಂಗಸಿನ ಸಂಜೆ ಆಗಲೇ ಬರೆದಾಗಿತ್ತು. ಜ್ವರವಿಲ್ಲದ, ತಳಮಳವಿಲ್ಲದ, ಸಮತಟ್ಟಾದ ಸಂಜೆ. ಪಾಪ, ಆಕೆಗೆ ಅದು ಇನ್ನೂ ಬಂದಿರಲಿಲ್ಲ.

ನಾನು ಅಲ್ಲೇ ಇದ್ದ ಎಳೆಯ ನರ್ಸೊಬ್ಬಳನ್ನು ಕೇಳಿದೆ, ಸಂಜೆಯದು ಈಗಲೇ ಹೇಗೆ ಎಂದು. ಆಕೆ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದಳು: "ಸುಮ್ನಿರ್ರಿ ಕಾಕಾ. ಖಾಲಿ ಬಿಟ್ರ ಜನಾಬಾಯಿ ಆಗ್ತೀವಿ."

ಆ ಹುಡುಗಿಯರ ನಡುವೆ ಅದು ಈಗ ಒಂದು ಹೆಸರಲ್ಲ, ಒಂದು ಶಿಕ್ಷೆ. ಫೆಬ್ರವರಿ ನಾಲ್ಕರಂದು ನೀವು ಅದಕ್ಕೆ ಮೊಹರು ಒತ್ತಲಿದ್ದೀರಿ. ನಿಮ್ಮ ಹೊತ್ತಗೆಯ ಕೊನೆಯ ಪುಟದ ಪ್ರಕಾರ ಈ ವರ್ಷ ಢಾಲಿನ ಯೋಜನೆ ಅಕ್ಕಲಕೋಟೆಗೆ, ಮಂಗಳವೇಢೆಗೆ, ಮಂದ್ರೂಪದ ದವಾಖಾನೆಗೂ ಹಬ್ಬಲಿದೆ. ಹಬ್ಬಲಿ. ಒಂದು ದಿನ ಇಡೀ ಜಿಲ್ಲೆಯಲ್ಲಿ ಒಂದೂ ಚೌಕ ಖಾಲಿ ಇರುವುದಿಲ್ಲ. ಆ ದಿನ ಯಾರ ನಾಡಿ ಎಲ್ಲಿ ನಿಂತರೂ ನಿಮಗೆ ತಿಳಿಯುವುದಿಲ್ಲ. ನೀವೂ ಒಂದಲ್ಲ ಒಂದು ದಿನ ಎಲ್ಲೋ ಒಂದು ಮಂಚದ ಮೇಲೆ ಮಲಗುವವರು ಎಂಬುದನ್ನು ಆದ್ಯತೆಗಳ ಪಟ್ಟಿಯಲ್ಲಿ ಎಲ್ಲಾದರೂ ಸೇರಿಸಿದ್ದೀರಾ?

ಆದ್ದರಿಂದ ನನ್ನ ದೂರನ್ನು ಈ ಪತ್ರದ ಮೂಲಕ ಎಲ್ಲರೆದುರು ಹಿಂದಕ್ಕೆ ಪಡೆಯುತ್ತಿದ್ದೇನೆ. ಅದರ ಬದಲು ಇದನ್ನು ದಾಖಲಿಸಿಕೊಳ್ಳಿ: ನವೆಂಬರ್ ಹದಿಮೂರರ ಬೆಳಗಿನ ಹತ್ತು ಗಂಟೆಯ ಚುಕ್ಕಿಯನ್ನು ಇಟ್ಟವರು ಯಾರು, ಎಷ್ಟು ಗಂಟೆಗೆ ಇಟ್ಟರು ಎಂದು ವಿಚಾರಿಸಿ. ಸೋಮವ್ವನನ್ನು ಸಾಕ್ಷಿಗೆ ಕರೆಯಿರಿ; ಕನ್ನಡ ಬಲ್ಲ ಒಬ್ಬರನ್ನು ಆ ಕೋಣೆಯಲ್ಲಿ ಕೂರಿಸಿ. ನನ್ನನ್ನೂ ಕರೆಯಿರಿ, ಬಾಗಿಲು ಮುಚ್ಚಲು ಹೇಳಿದ್ದು ಯಾರೆಂದು ಹೇಳುತ್ತೇನೆ, ಆಗ ಎದ್ದು ನಿಲ್ಲದೆ ಕೂತಿದ್ದು ಯಾರೆಂದೂ ಹೇಳುತ್ತೇನೆ. ಢಾಲಿನ ಯೋಜನೆಯನ್ನು ನಿಲ್ಲಿಸಿ. ಜನಾಬಾಯಿಯನ್ನು ಅದೇ ವಾರ್ಡಿಗೆ, ಅದೇ ಪಾಳಿಗೆ ಮರಳಿ ತೆಗೆದುಕೊಳ್ಳಿ. ಕರೆಯದಿದ್ದರೂ ನಾಲ್ಕರಂದು ಬೆಳಗ್ಗೆ ನಿಮ್ಮ ಕಚೇರಿಯ ಜಗುಲಿಯ ಮೇಲೆ ನಾನು ಕೂತಿರುತ್ತೇನೆ, ಕಲ್ಲಣ್ಣನವರ ಪಕ್ಕದಲ್ಲಿ, ಅವರು ಜಾಗ ಕೊಟ್ಟರೆ.

ನೀವು ಆಕೆಯನ್ನು ಮರಳಿ ತೆಗೆದುಕೊಂಡೀರಿ ಎಂಬ ನಂಬಿಕೆ ನನಗೆ ಪೂರ್ತಿ ಬಿಟ್ಟುಹೋಗಿಲ್ಲ. ಅದಕ್ಕಿಂತ ದೊಡ್ಡ ಅಂಜಿಕೆ ಬೇರೆಯೇ ಇದೆ. ಅದನ್ನು ನಿಮ್ಮನ್ನು ಕೇಳಿ ಪ್ರಯೋಜನವಿಲ್ಲ. ಮೈಂದರ್ಗಿಯಲ್ಲಿ ಕೂತಿರುವ ಆ ಹುಡುಗಿಗೆ ಈ ಪತ್ರಿಕೆ ತಲುಪುತ್ತದೋ ಇಲ್ಲವೋ, ಆದರೂ ಕೇಳುತ್ತೇನೆ. ಜನಾಬಾಯೀ, ಇಷ್ಟೆಲ್ಲ ಆದ ಮೇಲೆ ನಿನ್ನನ್ನು ಮತ್ತೆ ಆ ನಲವತ್ತು ಹಾಸಿಗೆಗಳ ಮುಂದೆ ನಿಲ್ಲಿಸಿದರೆ, ಎಣಿಸಲು ಬಾರದ ನಾಡಿಯೊಂದು ನಿನ್ನ ಕೈಗೆ ಸಿಕ್ಕರೆ, ಆ ಚೌಕವನ್ನು ನೀನು ಖಾಲಿ ಬಿಟ್ಟೀಯಾ?

ಇಂತಿ,
ತುಂಬಿದ ಚೌಕಗಳನ್ನು ನಂಬಿ ಸಭೆಗೆ ಹೋದವನು,
ಶಾಂತಲಿಂಗಪ್ಪ
ನೂಲಿನ ವ್ಯಾಪಾರಿ, ಸೊಲ್ಲಾಪುರ